ಬಿಭಾ ತಾರೆಯೂ ಸಂತಮಸ ಗ್ರಹವೂ

ಮಗುವಿಗೆ ಹೆಸರಿಡುವುದು ಮನೆಯವರ ಸಂಭ್ರಮ. ಆ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ತಪ್ಪಿಲ್ಲದೆ ಬರೆಯುವುದು ಶಾಲೆಯವರ ಹೊಣೆ. ಈ ಎರಡನೆಯ ಕಾರ್ಯವನ್ನು ನಾವು ಬಹುಕಾಲದಿಂದ ಮಾಡುತ್ತ ಬಂದಿದ್ದೇವೆ. ಆದುದರಿಂದಲೇ, ಆಕಾಶದ ಒಂದು ನಕ್ಷತ್ರಕ್ಕೂ ಅದನ್ನು ಸುತ್ತುವ ಗ್ರಹಕ್ಕೂ ನಮ್ಮ ದೇಶದ ವಿದ್ಯಾರ್ಥಿಗಳು ಹೆಸರು ಸೂಚಿಸಿದರೆಂಬ ಸಂಗತಿ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯಿತು.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ತನ್ನ ಶತಮಾನೋತ್ಸವದ ನಿಮಿತ್ತ 2019ರಲ್ಲಿ ಒಂದೊಂದು ದೇಶಕ್ಕೂ ಒಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ಹೆಸರಿಡಲೆಂದು ಒಪ್ಪಿಸಿತು. ಭಾರತದ ಪಾಲಿಗೆ ಬಂದುದು ಅದುವರೆಗೆ ಎಚ್.ಡಿ. 86081 ಎಂಬ ಸಂಖ್ಯೆಯಿಂದಷ್ಟೇ ಗುರುತಿಸಲ್ಪಡುತ್ತಿದ್ದ ನಕ್ಷತ್ರ. ಸೂರತ್ತಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಸೂಚನೆಯಂತೆ ನಕ್ಷತ್ರವು 'ಬಿಭಾ' ಆಯಿತು. ಪುಣೆಯ ಶಾಲಾಬಾಲಕನೊಬ್ಬನ ಸೂಚನೆಯಂತೆ ಗ್ರಹವು 'ಸಂತಮಸ' ಆಯಿತು. ಸಂತಮಸವೆಂದರೆ ಸುತ್ತಲೂ ಕವಿದ ಕತ್ತಲೆ. ಆ ಗ್ರಹದ ವಾತಾವರಣದಲ್ಲಿ ಮೋಡ ಮುಸುಕಿರಬಹುದೆಂಬ ಊಹೆಯಿಂದ ಈ ಹೆಸರು.

ಈ ಗ್ರಹದ ನಡೆ ವಿಚಿತ್ರವಾದುದು. ನಮ್ಮ ಸೌರಮಂಡಲದಲ್ಲಿ ಚಿಕ್ಕ ಗ್ರಹಗಳು ಸೂರ್ಯನ ಬಳಿ, ದೊಡ್ಡವು ದೂರ. ಬುಧನು 5 ಕೋಟಿ 80 ಲಕ್ಷ ಕಿಲೋಮೀಟರ್ ಅಂತರದಲ್ಲಿದ್ದು 88 ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತಾನೆ. ಗುರುವು ಸುಮಾರು 78 ಕೋಟಿ ಕಿಲೋಮೀಟರ್ ದೂರದಲ್ಲಿದ್ದು ಹನ್ನೆರಡು ವರ್ಷ ತೆಗೆದುಕೊಳ್ಳುತ್ತಾನೆ. ಸಂತಮಸವಾದರೋ ಗುರುವಿನ ಸುಮಾರು ಒಂದೂವರೆ ಪಟ್ಟು ತೂಕದ್ದು. ಆದರೂ ತನ್ನ ನಕ್ಷತ್ರದಿಂದ ಅದರ ಅಂತರ ಕೇವಲ 52 ಲಕ್ಷ ಕಿಲೋಮೀಟರಿನಷ್ಟು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಗಂಟೆ ಬಾರಿಸಿದಾಗ ಹೊರಟರೆ, ಬುಧವಾರ ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಒಂದು ವರ್ಷ ಮುಗಿದಿರುತ್ತದೆ. ವೈಶಾಖದಲ್ಲಿ ತಾಂಡೂರಿನ ಪರಸಿಕಲ್ಲಿನ ಮೇಲೆ ಬರಿಗಾಲಿಡಲಾರದ ನಮಗೆ, ಸಾವಿರ ಡಿಗ್ರಿಗೂ ಮಿಗಿಲಾದ ಅಲ್ಲಿಯ ಬೇಗೆ ಊಹೆಗೂ ನಿಲುಕದು.

ಇಂಥ 'ಬಿಸಿ ಗುರು'ಗಳಲ್ಲಿ ಮೊದಲನೆಯದನ್ನು 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಎಂಬ ಗುರುಶಿಷ್ಯರು ಕಂಡುಹಿಡಿದರು. ಅದಕ್ಕಾಗಿ 2019ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಗ್ರಹವನ್ನು ಕಣ್ಣಾರೆ ಕಂಡವರಲ್ಲ. ಜಾತ್ರೆಯ ಬಯಲಿನಲ್ಲಿ ತಂದೆಯು ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವುದನ್ನು ನೋಡಿದ್ದೀರಷ್ಟೆ. ಮಗು ತಿರುಗುವಾಗ ತಂದೆಯೂ ತುಸು ಹಿಂದಕ್ಕೆ ವಾಲಿಕೊಂಡೇ ಸುತ್ತುತ್ತಾನೆ. ಕತ್ತಲಲ್ಲಿ ಮಗು ಕಾಣದಿದ್ದರೂ ತಂದೆಯ ವಾಲಾಟದಿಂದ ಮಗು ಉಂಟೆಂದು ತಿಳಿಯಬಹುದು. ಗ್ರಹದ ಸೆಳೆತಕ್ಕೆ ನಕ್ಷತ್ರವೂ ಹಾಗೆಯೇ ವಾಲುತ್ತದೆ. ನಮ್ಮತ್ತ ಬಂದಾಗ ಅದರ ಬೆಳಕು ನೀಲಿಯ ಕಡೆಗೂ, ದೂರ ಸರಿದಾಗ ಕೆಂಪಿನ ಕಡೆಗೂ ಕೂದಲೆಳೆಯಷ್ಟು ಜರುಗುತ್ತದೆ. 2006ರಲ್ಲಿ ಸಂತಮಸ ಪತ್ತೆಯಾದುದೂ ಈ ಉಪಾಯದಿಂದಲೇ. ಅಷ್ಟು ದೊಡ್ಡ ಗ್ರಹ ಅಷ್ಟು ಸಮೀಪಕ್ಕೆ ಬಂದುದೆಂತು? ದೂರದಲ್ಲಿ ಹುಟ್ಟಿ ಕ್ರಮೇಣ ಒಳಕ್ಕೆ ಸರಿಯಿತೆಂಬುದು ಬಹುಜನ ವಿದ್ವಾಂಸರ ಮತ. ಸರಿದ ಬಗೆಯ ಕುರಿತಾದ ಚರ್ಚೆ ಮುಗಿದಿಲ್ಲ.

ಇನ್ನು ಬಿಭಾ ಎಂಬ ಹೆಸರಿನ ಮಾತು. ನಮ್ಮ ವಕಾರವನ್ನು ಬಂಗಾಳಿಗಳು ಬಕಾರವಾಗಿ ನುಡಿಯುತ್ತಾರೆ. ಆದುದರಿಂದ ಇದು ಬೆಳಕು ಎಂಬ ಅರ್ಥದ ನಮ್ಮ 'ವಿಭಾ' ಶಬ್ದವೇ. ನಕ್ಷತ್ರಕ್ಕೆ ಈ ಹೆಸರು ಬಂದುದು ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ. 1913ರಲ್ಲಿ ಹುಟ್ಟಿದ ಆಕೆ, ದೇಬೇಂದ್ರಮೋಹನ ಬೋಸರೊಡನೆ ಡಾರ್ಜಿಲಿಂಗ್ ಮೊದಲಾದ ಎತ್ತರದ ಸ್ಥಳಗಳಲ್ಲಿ ಛಾಯಾಚಿತ್ರ ಫಲಕಗಳನ್ನಿರಿಸಿ, ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಜಾಡನ್ನು ಹಿಡಿದರು. ಅಂದು ಯುದ್ಧದ ಕಾಲ. ಉತ್ತಮ ಫಲಕಗಳು ದೊರೆಯದೆ ಆ ಕೆಲಸ ನಿಂತಿತು. ಅದೇ ಹಾದಿಯಲ್ಲಿ ಉತ್ತಮ ಫಲಕಗಳೊಡನೆ ಮುಂದುವರಿದ ಇಂಗ್ಲೆಂಡಿನ ಸೆಸಿಲ್ ಪೊವೆಲ್‌ರಿಗೆ 1950ರಲ್ಲಿ ನೊಬೆಲ್ ಸಂದಿತು. ಬಿಭಾರವರು ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯಾಳದಲ್ಲಿ ನಡೆದ ವಿಶ್ವಕಿರಣ ಪ್ರಯೋಗಗಳಲ್ಲಿಯೂ ಪಾಲುಗೊಂಡರು. ದೊಡ್ಡ ಮನ್ನಣೆ ಯಾವುದೂ ದೊರೆಯದೆಯೇ 1991ರಲ್ಲಿ ತೀರಿಕೊಂಡರು. ಅವರು ದುಡಿದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಈಚಿನ ತಂಡವೊಂದು 2021ರಲ್ಲಿ, ಅಬೂ ಪರ್ವತದ ದೂರದರ್ಶಕದಿಂದ, ಮೂರು ದಿನ ಚಿಲ್ಲರೆಯಲ್ಲಿ ಸುತ್ತುವ ಮತ್ತೊಂದು ಬಿಸಿ ಗುರುವನ್ನು ಕಂಡುಹಿಡಿಯಿತೆಂಬುದು ಸಂತೋಷದ ಸಂಗತಿ.

ಗಡಿನಾಡಿನ ನಮಗೆ ಇದರಿಂದೇನೆಂದು ಯಾರಾದರೂ ಕೇಳಬಹುದು. 1956ರವರೆಗೆ ಕೊಡಂಗಲ್, ತಾಂಡೂರುಗಳು ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳಾಗಿದ್ದವು. ಜಹೀರಾಬಾದು, ನಾರಾಯಣಖೇಡಗಳು ಬೀದರಿಗೆ ಸೇರಿದ್ದವು. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಇಂದು ನಮ್ಮ ಬೊಮ್ರಾಸಪೇಟೆಯ ಸುತ್ತಿನ ಮಕ್ಕಳು ಪಾಠವನ್ನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಕನ್ನಡವು ಅಡುಗೆಮನೆಗೂ ಹಬ್ಬಕ್ಕೂ ಸಾಕೆಂಬ ಭಾವನೆ ಅವರಲ್ಲಿ ಬೇರೂರುತ್ತಿದೆ. ಆ ಭಾಷೆಗಳ ಮೇಲೆ ನಮಗೆ ಮುನಿಸಿಲ್ಲ. ಅವು ಅನ್ನ ಕೊಡುವ ಭಾಷೆಗಳು. ಆದರೆ ತಾಯಿಯ ಮಾತಿನಲ್ಲಿ ದೊಡ್ಡ ವಿಷಯವನ್ನು ಹೇಳಲಾಗದೆಂದು ಮಗು ಒಮ್ಮೆ ನಂಬಿತೆಂದರೆ, ಅದನ್ನು ಬಿಡಿಸುವುದು ಯಾವ ಮಾಸ್ತರನಿಂದಲೂ ಆಗದು.

ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಸಬೇಕೆಂದು ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಮಘಾ ಮಳೆಯನ್ನು ಅರಿಯದ ಒಕ್ಕಲು ಮನೆ ನಮ್ಮಲ್ಲಿಲ್ಲ. ಫಾಲ್ಗುಣದ ರಾತ್ರಿ ಹತ್ತರ ಸುಮಾರಿಗೆ ಆ ಮಘಾ ನಕ್ಷತ್ರ ನೆತ್ತಿಯ ಸಮೀಪದಲ್ಲಿರುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಚಾಚಿದ ಕೈಯ ಒಂದು ಗೇಣಿಗಿಂತ ತುಸು ಕಡಿಮೆ ಅಳೆದರೆ ಬಿಭಾ ಇರುವ ತಾಣ. ಬರಿಗಣ್ಣಿಗೆ ಅದು ಕಾಣದು. ಅದರ ದೂರ ಸುಮಾರು 340 ಜ್ಯೋತಿರ್ವರ್ಷ. ಗೋಲ್ಕೊಂಡದ ಕುತುಬ್‌ಶಾಹಿ ಅರಸರ ಕೊನೆಯ ದಿನಗಳಲ್ಲಿ ಹೊರಟ ಬೆಳಕು ಹೆಚ್ಚುಕಡಿಮೆ ಈಗ ನಮ್ಮನ್ನು ತಲುಪುತ್ತಿದೆ.

ಓದುಗ ಬಂಧುಗಳೇ, ಈ ಬಾರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದಾಗ ಮಕ್ಕಳಿಗೆ ಆ ತಾಣವನ್ನು ಕೈ ಚಾಚಿ ತೋರಿಸಿರಿ. ಕಾಣದ ಗ್ರಹವನ್ನು ಅರಿತ ಬಗೆಯನ್ನೂ, ಗಣಿಯ ಕತ್ತಲಲ್ಲಿ ದುಡಿದ ಆ ತಾಯಿಯ ಹೆಸರನ್ನೂ ಕನ್ನಡದಲ್ಲಿಯೇ ಹೇಳಿರಿ. ಪುಣೆಯ ಬಾಲಕನಿಗೆ ಹೊಳೆದಂಥ ಶಬ್ದಗಳು ನಮ್ಮ ಮಕ್ಕಳ ಮನೆಮಾತಿನಲ್ಲಿಯೂ ಬೇಕಾದಷ್ಟಿವೆ.