ಸ್ಕಾಲರ್‌ಶಿಪ್ ರೊಕ್ಕಕ್ಕ ಟ್ಯಾಕ್ಸ್ ಐತೇನು? (ಭಾಗ 3)

ಎಸ್‌ಎಸ್‌ಪಿ ರೊಕ್ಕ ಅಕೌಂಟಿಗೆ ಬಿದ್ದ ಕೂಡಲೇ ಹಾಸ್ಟೆಲ್‌ನಾಗ ಯಾರರ ಒಬ್ರು ಕೇಳೇ ಕೇಳ್ತಾರ: "ಇದಕ್ಕೂ ಟ್ಯಾಕ್ಸ್ ಹಿಡಿತಾರೇನ?" 😅

ಇಲ್ಲ. ಓದಿನ ಖರ್ಚಿಗೆ ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ ಅಂತ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(16) ಹೇಳುತ್ತದೆ. ನನಗೆ ಬಂದ ರೈತ ವಿದ್ಯಾನಿಧಿಯ 11,000 ಪೂರ್ತಿ ನಂದೇ. ಅಪ್ಪನ ಕಬ್ಬಿನ ಬಿಲ್ಲಿಗೂ ತೆರಿಗೆ ಇಲ್ಲ.

ತೊಡಕು ಇರೋದು ಸ್ಟೈಪೆಂಡ್‌ನಾಗ. ಅದು ಕೆಲಸಕ್ಕ ಕೊಡೋ ರೊಕ್ಕ, ಹಂಗಾಗಿ ಆದಾಯ. ಹೋದ ವರ್ಷ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿದೆ, ತಿಂಗಳಿಗೆ 12,000. ಕಂಪನಿಯವರು 10% ಟಿಡಿಎಸ್ ಹಿಡಿದು 10,800 ಕೊಟ್ಟರು. ಒಟ್ಟು 7,200 ಹೋಯ್ತು. ರಾಯಬಾಗದಿಂದ ಹೋಗಿ ರೂಮ್ ಮಾಡಿಕೊಂಡು ಇರೋರಿಗೆ ಅದು ಎರಡು ತಿಂಗಳ ಬಾಡಿಗಿ!

2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ನನ್ನ ಆದಾಯ 72,000. ಅಂದ್ರ ಹಿಡಿದದ್ದು ಪೂರ್ತಿ ವಾಪಸ್ ಬರಬೇಕು. ಆದರೆ ರಿಟರ್ನ್ ತುಂಬಿದರೆ ಮಾತ್ರ.

ಅಪ್ಪ ಒಪ್ಪಲಿಲ್ಲ. "ರಿಟರ್ನ್ ತುಂಬಿದ್ರ ರೇಷನ್ ಕಾರ್ಡ್ ಹೋಗ್ತೈತಿ, ಬ್ಯಾಡವಾ." 2024ರ ನವೆಂಬರ್‌ನಾಗ ಬಿಪಿಎಲ್ ಕಾರ್ಡ್ ರದ್ದಾದ ಸುದ್ದಿ ಕೇಳಿ ನಮ್ಮ ಓಣಿಯೆಲ್ಲ ಹೆದರಿತ್ತು. ಅಪ್ಪನ ಅಂಜಿಕೆ ಸುಳ್ಳಲ್ಲ. 7,200ಕ್ಕಿಂತ ಮನಿ ಅಕ್ಕಿ ದೊಡ್ಡದು. ಆಮೇಲೆ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದ ಅರ್ಹರ ಕಾರ್ಡ್ ಮುಟ್ಟುವುದಿಲ್ಲ ಅಂತ ಸರ್ಕಾರ ಹೇಳಿತು. ಅದನ್ನ ತೋರಿಸಿದೆ. ರಿಟರ್ನ್ ತುಂಬೋದು ಬ್ಯಾರೆ, ತೆರಿಗೆ ಕಟ್ಟೋದು ಬ್ಯಾರೆ. ಎರಡು ದಿನ ಸುಮ್ಮನಿದ್ದು, "ತುಂಬು, ಕಾಗದ ಎಲ್ಲಾ ಜ್ವಾಕಿ ಇಟ್ಕೊ" ಅಂದರು.

ಇನ್ನೆರಡು ಮಾತು 👇

📌 ಫೀ ಮೇಲಿನ 80ಸಿ ವಿನಾಯಿತಿ ಫೀ ಕಟ್ಟುವ ತಂದೆ-ತಾಯಿಗೆ, ನಮಗಲ್ಲ. ಅದೂ ಹಳೆಯ ಪದ್ಧತಿಯಲ್ಲಿ, ಇಬ್ಬರು ಮಕ್ಕಳಿಗೆ, ಒಟ್ಟು 1.5 ಲಕ್ಷದೊಳಗೆ. ರೈತರ ಮನಿಗೆ ಇದರಿಂದ ಲಾಭ ಇಲ್ಲ; ಮೇಷ್ಟ್ರ ಮಕ್ಕಳಿದ್ದರೆ ಮನ್ಯಾಗ ಹೇಳ್ರಿ.

📌 ಎಜುಕೇಶನ್ ಲೋನ್ ಬಡ್ಡಿಗೆ 80ಇ ಐತಿ, ಎಂಟು ವರ್ಷದವರೆಗೆ. ಇದೂ ಹಳೆಯ ಪದ್ಧತಿಯಲ್ಲೇ. ಅಸಲಿಗೆ ಇಲ್ಲ.

ಅಮೆರಿಕಕ್ಕೆ ಹೊಂಟವರು ಗಮನಿಸ್ರಿ: ಅಲ್ಲಿ ಸ್ಕಾಲರ್‌ಶಿಪ್ ರೊಕ್ಕ ಫೀ, ಪುಸ್ತಕಕ್ಕೆ ಹೋದರೆ ಮಾಫಿ, ಊಟ, ರೂಮಿಗೆ ಹೋದಷ್ಟಕ್ಕೆ ತೆರಿಗೆ ಲೆಕ್ಕ ಬರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಗೆಳೆಯರೇ, ಸ್ಟೈಪೆಂಡ್ ಬಂದಿದ್ದರೆ ಇವತ್ತೇ ಪೋರ್ಟಲ್‌ನಾಗ 26ಎಎಸ್ ತೆಗೆದು ನೋಡ್ರಿ. ನಿಮ್ಮ ಹೆಸರಿಗೂ ರೊಕ್ಕ ಕುಂತಿರಬಹುದು. 💛

#ರೊಕ್ಕದ_ಮಾತು #ಗಡಿನಾಡ_ಹುಡುಗ್ರು