ರಬ್ಬರ್ ಹಾಸಿನ ಅಡಿಯಲ್ಲಿ

ನಿಮ್ಮ ಮನೆಯಂಗಳದಲ್ಲಿಯೂ ಒಂದು ಪಿಕಪ್ ವಾಹನ ನಿಂತಿರಬಹುದು. ಹೊಸಪೇಟೆಯಲ್ಲಿರುವ ನನ್ನ ತಮ್ಮನ ಸಂಸಾರ ಸಾಗುತ್ತಿರುವುದು ಅಂಥದೊಂದರ ದುಡಿಮೆಯಿಂದಲೇ. ಕಂಪ್ಲಿಯಿಂದ ಬಾಳೆಗೊನೆ, ಮರುದಿನ ಅದೇ ಹಳ್ಳಿಗಳಿಗೆ ಗೊಬ್ಬರದ ಮೂಟೆ, ಸಂಡೂರಿನ ಕಡೆ ಹೋದರೆ ಕೆಂಧೂಳು; ಅದರ ಬಾಡಿ ಒಂದು ದಿನವೂ ಬರಿದಾಗಿರದು.

ಸಂಡೂರಿನ ಬೆಟ್ಟಗಳ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತು. ತುಕ್ಕು ಅದರ ಹತ್ತಿರದ ಬಂಧುವೇ. ಕುಲುಮೆಯಲ್ಲಿ ಬೇರ್ಪಟ್ಟ ಕಬ್ಬಿಣವು ನೀರು, ಗಾಳಿ ಸಿಕ್ಕೊಡನೆ ತವರಿಗೆ ಮರಳಲು ಹವಣಿಸುತ್ತದೆ. ಗೊಬ್ಬರದ ಲವಣ ಆ ಪಯಣವನ್ನು ಚುರುಕುಗೊಳಿಸುತ್ತದೆ.

ಅನೇಕರು ರಬ್ಬರ್ ಹಾಸು ಹಾಸಿ ನಿಶ್ಚಿಂತರಾಗುತ್ತಾರೆ. ಅದು ಗೀರುಗಳನ್ನು ತಡೆಯುವುದು ನಿಜ. ಆದರೆ ಅದರಡಿಗೆ ಇಳಿದ ನೀರು ಬೇಗ ಆರುವುದಿಲ್ಲ. ಮೇಲೆ ಅಂದ, ಕೆಳಗೆ ತೂತು! ತಮ್ಮ ಪ್ರತಿ ಶನಿವಾರ ಮಧ್ಯಾಹ್ನ ಹಾಸನ್ನು ಎತ್ತಿ, ಗೊಬ್ಬರದ ಪುಡಿಯನ್ನು ತೊಳೆದು, ನೀರು ಹರಿಯುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ, ಬಿಸಿಲಿಗೆ ಒಣಗಿಸುತ್ತಾನೆ. ತುಕ್ಕು ಕಂಡಲ್ಲಿ ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೂ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆಯೇ ಬಣ್ಣ ಹಚ್ಚುತ್ತಾನೆ. ತುಕ್ಕಿನ ಮೇಲೆಯೇ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಮರುಕವಾಗುತ್ತದೆ; ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದು ನಿಮಗೆ ನೆನಪಿರಬಹುದು. ಅಂದಿನಿಂದ ತಮ್ಮ ತನ್ನ ವಾಹನದ ಹಿಂಬಾಗಿಲಿನ ಸರಪಳಿಯ ಕೊಂಡಿಗಳನ್ನೂ ಒಂದೊಂದಾಗಿ ತಿರುವಿ ನೋಡಿ ಗ್ರೀಸ್ ಹಚ್ಚುತ್ತಾನೆ.