ಕೋಳಿ, ಮೇಕೆ, ಬೆಕ್ಕು ಇರೋ ಮನೆಗೆ ಯಾವ ನಾಯಿ?

ಸಂತೇಲಿ ಸಿಕ್ಕವರು, ಡೈರಿ ಹತ್ರ ಸಿಕ್ಕವರು ಈಗಲೂ ಕೇಳ್ತಾರೆ, "ನಾಯಿ ತಂದ್ರಂತಲ್ಲ, ಯಾವ ಜಾತಿದು?" ಅಂತ. ನಾಟಿ ಅಂದ ಕೂಡ್ಲೇ ಮುಖ ಸಣ್ಣಗೆ ಮಾಡ್ಕೋತಾರೆ. ಮಗ ಬೆಂಗಳೂರಲ್ಲಿ ದುಡೀತಾನೆ, ಒಂದು ಜಾತಿ ನಾಯಿ ತರೋಕೆ ಇವನಿಗೇನು ಬಂದಿತ್ತು ಅನ್ನೋ ಅರ್ಥ. ನಾಲ್ಕು ತಿಂಗಳು ಹುಡುಕಿ, ಮನೇಲಿ ವಾದ ಮಾಡಿ, ಮುಧೋಳದ ತನಕ ಹೋಗಿ ಬಂದು ತಂದ ನಾಯಿ ಕಣ್ರಪ್ಪ ಇದು. ಈ ವರ್ಷ ನಮ್ಮ ತುರುವೇಕೆರೆ ಕಡೆ ಎಷ್ಟೋ ಜನ ನಾಯಿ ಹುಡುಕ್ತಾ ಇದ್ದೀರಿ, ಅದಕ್ಕೇ ಬರೀತಿದ್ದೀನಿ.

ಕಾರ್ತೀಕದಲ್ಲಿ ನಮ್ಮ ಕರಿಯನನ್ನ ಚಿರತೆ ತೋಟದ ಬದುವಿಂದ ಎತ್ಕೊಂಡು ಹೋಯ್ತು. ಒಂಬತ್ತು ವರ್ಷ ನಮ್ಮನೇಲಿ ಇದ್ದ ನಾಯಿ. ಅಲ್ಲಿಂದ ಶಿವರಾತ್ರಿ ಒಳಗೆ ಮುಂಗುಸಿ, ಕಾಡುಬೆಕ್ಕು ಸೇರಿ 11 ಕೋಳಿ ಮುಗಿಸಿದ್ವು. ಎರಡು ಸಲ ತೋಟದಲ್ಲಿ ಕಾಯಿ ಹೋಯ್ತು. ಕೋಳಿ ದುಡ್ಡು ನನ್ನ ಹೆಂಡ್ತಿದು, ಸಂಘದ ಕಂತು ಅವಳು ಕಟ್ಟೋದು ಅದರಲ್ಲೇ. "ನಾಯಿ ಬೇಕೇ ಬೇಕು, ಆದ್ರೆ ಕಾಯೋಕೆ ಬಂದಿದ್ದೇ ನನ್ ಕೋಳಿ ತಿನ್ನಬಾರದು" ಅಂದ್ಲು. ಕೋಳಿ ಬಿಟ್ರೆ ಎರಡು ಹಸು, ಒಂದು ಕರು, ಆರು ಮೇಕೆ, ಮರಿ ಹಾಕಿದ ಬೆಕ್ಕು. ಇವುಗಳ ಮಧ್ಯೆ 82 ವರ್ಷದ ನಮ್ಮವ್ವ ಕೋಲು ಊರ್ಕೊಂಡು ಅಂಗಳದಲ್ಲಿ ಓಡಾಡ್ತಾಳೆ. ಬರೋ ನಾಯಿ ಇಷ್ಟೂ ಜೀವಕ್ಕೆ ಹೊಂದಬೇಕು.

ಮಗಂದು ಜರ್ಮನ್ ಶೆಫರ್ಡೇ ಆಗಬೇಕು ಅಂತ ಹಟ. ಬುದ್ಧಿವಂತ ನಾಯಿ, ಎರಡು ಮಾತಿಲ್ಲ. ಜರ್ಮನಿಯಲ್ಲಿ ಕುರಿ ಕಾಯ್ತಿದ್ದ ನಾಯಿಗಳಲ್ಲೇ ಆರಿಸಿ 1899ರಲ್ಲಿ ಶುರು ಮಾಡಿದ ತಳಿ. ಮಂದೆ ಸುತ್ತ ಓಡೋದು ಅದರ ರಕ್ತದಲ್ಲೇ ಇದೆ. ನಮ್ಮ ಆರು ಮೇಕೆ ಕಟ್ಟಿ ಮೇಯೋವು, ಅಲ್ಲಿ ಅದಕ್ಕೆ ಕೆಲಸವೇ ಇಲ್ಲ. ಕೆಲಸ ಇಲ್ಲದ ಬುದ್ಧಿವಂತ ಏನು ಮಾಡ್ತಾನೆ ಅಂತ ಊರಲ್ಲಿ ನೋಡಿದ್ದೀವಲ್ಲ. ಮೈಮೇಲೆ ಎರಡು ಪದರ ಕೂದಲು, ನಮ್ಮ ಏಪ್ರಿಲ್ ಬಿಸಿಲಿಗೆ ಏದುಸಿರು. ಉಣ್ಣೆ ಹುಡುಕೋದೇ ದಿನದ ಕೆಲಸ ಆಗುತ್ತೆ. 30 ಕೆಜಿ ನಾಯಿ ಪ್ರೀತಿಯಿಂದ ಮೇಲೆ ಹಾರಿದ್ರೂ ಅವ್ವ ಕೆಳಗೆ. ಆ ವಯಸ್ಸಲ್ಲಿ ಸೊಂಟದ ಮೂಳೆ ಮುರಿದ್ರೆ ಗತಿ ಏನು?

ಲ್ಯಾಬ್ರಡಾರ್ ಸಾಧು. ಬೇಟೆಗಾರರು ಹೊಡೆದ ಹಕ್ಕೀನ ಬಾಯಲ್ಲಿ ಮೆತ್ತಗೆ ಕಚ್ಕೊಂಡು ಬರೋಕೆ ಬೆಳೆಸಿದ ನಾಯಿ. ಮಕ್ಕಳಿರೋ ಮನೆಗೆ ಒಳ್ಳೇದೇ. ಆದ್ರೆ ಕಳ್ಳ ಬಂದ್ರೂ ಬಾಲ ಆಡಿಸ್ಕೊಂಡು ಕಾಯಿ ಎತ್ತಿಕೊಡುತ್ತೆ ಅಂತ ಹೆಂಡ್ತಿ ನಕ್ಲು. ರಾಟ್‌ವೈಲರ್ ಅಂದವರೂ ಇದ್ದಾರೆ. 2024ರಲ್ಲಿ ಕೇಂದ್ರದವರು 23 ತಳಿ ಸಾಕಬಾರದು ಅಂತ ಸುತ್ತೋಲೆ ಹೊರಡಿಸಿದ್ರು, ಅದರಲ್ಲಿ ಇದೂ ಇತ್ತು. ನಮ್ಮ ಹೈಕೋರ್ಟ್ ಆ ಸುತ್ತೋಲೆ ರದ್ದು ಮಾಡ್ತು. ಕಾನೂನು ಏನೇ ಇರಲಿ, ಹಾಲು ಹಾಕೋಕೆ ಹುಡುಗರು ಓಡಾಡೋ ದಾರೀಲಿ ನಮ್ಮನೆ ಇದೆ, ಆ ಮಾತು ಅಲ್ಲಿಗೇ ಬಿಟ್ಟೆ.

ಮುಧೋಳದ ಮೇಲೆ ಮಾತ್ರ ನನಗೇ ಆಸೆ ಇತ್ತು. ನಮ್ಮ ನಾಡಿನ ನಾಯಿ, 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, ಸೇನೆಯವರೂ ತಗೊಂಡು ಹೋಗಿ ಮೀರತ್‌ನಲ್ಲಿ ತರಬೇತಿ ಕೊಟ್ಟರು. ನಮ್ಮ ಷಡ್ಕ ಜಮಖಂಡಿಯಲ್ಲಿ ಕೆಲಸದಲ್ಲಿದ್ದಾನೆ, ಅವನ ಜೊತೆ ಹೋಗಿ ನೋಡಿದೆ. ಮುಧೋಳದ ಹತ್ರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಕೇಂದ್ರವೇ ಇದೆ, ಸುತ್ತಲ ಹಳ್ಳಿಗಳಲ್ಲಿ ರೈತರೂ ಸಾಕ್ತಾರೆ. ಹೊಲದಲ್ಲಿ ಒಂದು ಓಡಿದ್ದು ಕಂಡೆ. ಕಾಲು ನೆಲಕ್ಕೆ ತಾಗ್ತಿದೆಯೋ ಇಲ್ವೋ ಗೊತ್ತಾಗಲ್ಲ. ಅದು ಮೂಸಿ ಹುಡುಕೋದಕ್ಕಿಂತ ಕಣ್ಣಲ್ಲಿ ಕಂಡು ಬೆನ್ನಟ್ಟೋ ನಾಯಿ. ದೂರದಲ್ಲಿ ಏನೋ ಅಲುಗಿದ್ರೆ ಸಾಕು, ಕೂಗಿದ್ರೂ ಕಿವಿಗೆ ಹೋಗಲ್ಲ. ಸಾಕಿದ ಹಿರಿಯರೊಬ್ಬರು ನೇರವಾಗೇ ಹೇಳಿದ್ರು: "ನಾಯಿ ಭಾಳ ಚಲೋ ಐತ್ರೀ. ಆದ್ರ ಮನ್ಯಾಗ ಕೋಳಿ ಅದಾವು ಅಂತೀರಿ, ಓಡೂದನ್ನ ಕಂಡ್ರ ಇದು ಬಿಡೂದಿಲ್ಲ ನೋಡ್ರಿ." ಮಾರೋ ಮನುಷ್ಯ ಇಂಥ ಮಾತು ಹೇಳಿದ್ರೆ ಕೈ ಮುಗೀಬೇಕು. ಮರಿಯಿಂದ ಜೊತೇಲಿ ಬೆಳೆಸಿದ್ರೆ ಕೆಲವು ಹೊಂದ್ಕೋತವಂತೆ. ಆದ್ರೆ ನಮ್ಮದು ಎರಡೂವರೆ ಎಕರೆ ತೋಟ, ಸುತ್ತ ಮುಳ್ಳುತಂತಿ. ಅದರ ಚರ್ಮ ತೆಳು, ಓಟ ಜೋರು. ಬಯಲುಸೀಮೆ ಹೊಲ ಇದ್ದು ಕೋಳಿ ಇಲ್ಲದವರು ಖಂಡಿತ ತನ್ನಿ.

ಬಸ್ಸಲ್ಲಿ ವಾಪಸ್ ಬರುವಾಗ ಯೋಚನೆ ಬಂದಿದ್ದು ಇಷ್ಟೆ. ನನಗೆ ಬೇಕಿರೋದು ಬೊಗಳೋ ನಾಯಿ. ಚಿರತೆ ಜೊತೆ ಹೊಡೆದಾಡಿ ಗೆಲ್ಲೋ ನಾಯಿ ಯಾವ ತಳೀಲೂ ಇಲ್ಲ, ರಾತ್ರಿ ಹೊರಗೆ ಕಟ್ಟಿದ್ರೆ ಎಷ್ಟು ದುಡ್ಡಿನ ನಾಯಿ ಆದ್ರೂ ಅದಕ್ಕೆ ಊಟವೇ. ಆದ್ದರಿಂದ ಎತ್ತರ, ಮೈಕಟ್ಟು ಲೆಕ್ಕಕ್ಕೆ ಬರಲ್ಲ. ಸ್ವಭಾವ ನೋಡಬೇಕು. ಎರಡು ತಿಂಗಳ ಮರೀಲಿ ಸ್ವಭಾವ ಪೂರ್ತಿ ಕಾಣಲ್ಲ, ತಾಯೀಲಿ ಕಾಣುತ್ತೆ.

ಪಕ್ಕದೂರಲ್ಲಿ ಒಂದು ಮನೆ, ಕಣದಲ್ಲಿ ನಾಯಿ ಮಲಗಿದೆ, ಕೋಳಿ ಅದರ ಮೈಮೇಲೇ ಹತ್ತಿ ಇಳೀತಿದೆ. ಮೂರು ಸಲ ಹೋದೆ. ಹಗಲಲ್ಲಿ ಒಂದ್ಸಲ, ಅದಕ್ಕೆ ಊಟ ಹಾಕೋ ಹೊತ್ತಲ್ಲಿ ಒಂದ್ಸಲ, ಕತ್ತಲಾದ ಮೇಲೆ ಒಂದ್ಸಲ. ಊಟದ ತಟ್ಟೆ ಹತ್ರ ಕೋಳಿ ಬಂದ್ರೂ ಗುರ್ ಅನ್ನಲಿಲ್ಲ. ಕತ್ತಲಲ್ಲಿ ನಾನು ಬೇಲಿ ದಾಟೋಕೆ ಮುಂಚೆಯೇ ಬೊಗಳ್ತು, ಯಜಮಾನ ಸುಮ್ನಿರು ಅಂದ್ರೆ ಸುಮ್ನಾಯ್ತು. ಅದರ ಮರಿಗಳ ಮುಂದೆ ಒಂದು ಸ್ಟೀಲ್ ತಟ್ಟೆ ಬೀಳಿಸಿದೆ. ಒಂದು ಮೂಲೆ ಸೇರ್ತು, ಆಮೇಲೆ ಬರಲೇ ಇಲ್ಲ. ಇನ್ನೊಂದು ಬೆಚ್ಚಿ, ಎರಡು ಹೆಜ್ಜೆ ಹಿಂದೆ ಹೋಗಿ, ತಿರುಗಿ ಬಂದು ತಟ್ಟೆ ಮೂಸ್ತು. ಅದನ್ನೇ ತಂದೆ. ಹೆಣ್ಣು. ಹೆಸರು ಗೌರಿ.

ಮೊದಲ ಎರಡು ವಾರ ಉದ್ದ ಹಗ್ಗದಲ್ಲಿ ಕಟ್ಟಿ ಕೋಳಿ ಗೂಡಿನ ಹತ್ರವೇ ಇಟ್ಟಿದ್ದೆ. ಕೋಳಿ ಕಡೆ ನೋಡಿ, ಮುಖ ತಿರುಗಿಸಿದ್ರೆ ಒಂದು ಚೂರು ಮುದ್ದೆ. ಮರಿ ಕೋಳಿ ಅಟ್ಟಿಸಿದ್ರೆ ಮಕ್ಕಳು ಚಪ್ಪಾಳೆ ತಟ್ತಾರೆ ನೋಡಿ, ಅದಕ್ಕೆ ಬಿಡಲೇಬಾರದು. ಆಟ ಅಂತ ಕಲಿತದ್ದು ಬೇಟೆಗೆ ತಿರುಗುತ್ತೆ. ಮರಿಗಳಿದ್ದ ಒಂದು ತಾಯಿಕೋಳಿ ಮೂಗಿಗೆ ಕುಕ್ಕಿ ಅರ್ಧ ಪಾಠ ತಾನೇ ಹೇಳ್ಕೊಡ್ತು. ಇನ್ನರ್ಧ ಬೆಕ್ಕು. ಅವ್ವನ ಮೇಲೆ ಎಗರೋದು ಮೂರು ತಿಂಗಳಿಗೆ ನಿಂತಿತು, ಈಗ ಅವಳ ಕೋಲಿನ ಪಕ್ಕದಲ್ಲೇ ನಡೆಯುತ್ತೆ. ರಾತ್ರಿ ಕೊಟ್ಟಿಗೆ ಒಳಗೆ, ಕಬ್ಬಿಣದ ಗ್ರಿಲ್ ಹಾಕಿಸಿದ್ದೀನಿ. ಅದು ಬಂದ ಮೇಲೆ ಹೋಗಿದ್ದು ಒಂದೇ ಕೋಳಿ, ಅದೂ ಹಗಲಲ್ಲಿ ಗಿಡುಗ ಎತ್ತಿದ್ದು.

ಮೇಕೆ, ಕುರಿ ಇರೋರು ಗಮನಿಸಿ: ಕೊಯ್ದ ಕುರಿ ತಲೆ, ಕರುಳು ಹಸಿಯಾಗಿ ನಾಯಿಗೆ ಎಸೀಬೇಡಿ. ಕುರಿ ಒಂದೇ ಕಡೆ ಸುತ್ತು ಹೊಡೆದು ಬೀಳುತ್ತಲ್ಲ, ಅದು ಮಿದುಳಲ್ಲಿ ಬೆಳೆಯೋ ಹುಳದ ಚೀಲದಿಂದ. ಆ ಮಿದುಳು ತಿಂದ ನಾಯಿ ಹೊಟ್ಟೇಲಿ ಲಾಡಿಹುಳ ಆಗಿ, ಮೊಟ್ಟೆ ಹೇಲಲ್ಲಿ ಹುಲ್ಲಿಗೆ ಬಿದ್ದು, ವಾಪಸ್ ಕುರಿಗೇ ಹೋಗುತ್ತೆ. ಮೂರು ತಿಂಗಳಿಗೊಮ್ಮೆ ಜಂತು ಔಷಧಿ ಹಾಕಿ. ಮೂರು ತಿಂಗಳ ವಯಸ್ಸಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷ ವರ್ಷ. ಸೆಪ್ಟೆಂಬರ್ 28 ರೇಬೀಸ್ ದಿನ, ಅದರ ಆಸುಪಾಸು ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕ್ತಾರೆ, ವಿಚಾರಿಸಿ.

ಹೆಣ್ಣು ಯಾಕೆ ತಂದೆ ಅಂತ ಬೈದವರೇ ಜಾಸ್ತಿ. ಗಂಡು ನಾಯಿ ಬೆದೆ ವಾಸನೆ ಹಿಡಿದು ಊರೂರು ತಿರುಗುತ್ತೆ, ಹೆಣ್ಣು ಮನೆ ಬಿಡೋದು ಕಮ್ಮಿ. ಮರಿ ಕಾಟ ಅಂದ್ರೆ ಅದಕ್ಕೆ ಆಪರೇಷನ್ ಇದೆ, ಗೌರಿಗೆ ಹೋದ ತಿಂಗಳು ಮಾಡಿಸಿದೆ, ಐದನೇ ದಿನಕ್ಕೆ ಓಡಾಡ್ತಿತ್ತು. ನಾವು ಹೆಣ್ಣುಮರಿ ಬೇಡ ಅಂತ ಚೀಲದಲ್ಲಿ ತುಂಬಿ ಸಂತೆಮಾಳದಲ್ಲಿ ಬಿಟ್ಟು ಬರ್ತೀವಿ, ಅವು ಬದುಕಿದ್ರೆ ಎರಡು ವರ್ಷಕ್ಕೆ ಗುಂಪು ಕಟ್ಕೊಂಡು ನಮ್ಮ ಮೇಕೆನೇ ಹರಿದು ಹಾಕ್ತವೆ. ಆಮೇಲೆ ಪಂಚಾಯ್ತಿಗೆ ಅರ್ಜಿ.

ಗೌರಿ ತಾಯಿ ಮತ್ತೆ ಮರಿ ಹಾಕಿದೆ. ಐದರಲ್ಲಿ ಮೂರು ಗಂಡು, ಮೂರನ್ನೂ ಈಗಾಗಲೇ ಕೇಳ್ಕೊಂಡಿದ್ದಾರೆ. ಎರಡು ಹೆಣ್ಣು ಉಳಿದಿವೆ, ಒಂದು ಕಂದು, ಒಂದು ಕಪ್ಪು, ಎರಡಕ್ಕೂ ಎಂಟು ವಾರ ತುಂಬಿತು. ಸೋಮವಾರದ ಸಂತೆ ತನಕ ಇಟ್ಕೊಳ್ಳಿ ಅಂತ ಆ ಯಜಮಾನರಿಗೆ ಹೇಳಿ ಬಂದಿದ್ದೀನಿ, ತಾಯಿಗೂ ಆಪರೇಷನ್ ಮಾಡಿಸೋಣ ಅಂದ್ರೆ ಹ್ಞೂಂ ಅಂದಿದ್ದಾರೆ. ಬೇಕಾದವರು ಭಾನುವಾರದೊಳಗೆ ನನಗೆ ಹೇಳಿ, ನಾನೇ ಜೊತೇಲಿ ಬರ್ತೀನಿ. ತಟ್ಟೆ ನೀವೇ ಬೀಳಿಸಿ ನೋಡಿ.